ಶಂಭುಲಿಂಗನ ಹರಕೆ

ನನ್ನ ಕೋಣೆಗೆ ಬರುವ ಗಂಡಸರಿಗೆಲ್ಲ ನಾನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಹೆಂಡತಿಯ ಜೊತೆ ಹೇಗಿದ್ದೀರಿ, ನಿರೋಧ ಬಳಸುತ್ತೀರಾ? ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ಎಚ್‌ಐವಿ ಇದ್ದವರಿಗೆ ಗುಳಿಗೆ ಕೊಡುವ ವಿಭಾಗದ ಆಪ್ತಸಮಾಲೋಚಕಿ ನಾನು. ಧಾರವಾಡದ ಮಾಸ್ತರರ ಮನೆಯ ಮಗಳು. ಮೊದಮೊದಲು ಈ ಪ್ರಶ್ನೆ ಕೇಳುವಾಗ ಕಿವಿ ಕೆಂಪಾಗುತ್ತಿತ್ತು. ಈಗ ಬಸ್ಸಿನ ಕಂಡಕ್ಟರ್ ಊರು ಕೇಳಿದ ಹಾಗೆ ಕೇಳುತ್ತೇನೆ. ಅವರು ಫ್ಯಾನು ನೋಡುತ್ತ ಸುಳ್ಳು ಹೇಳುತ್ತಾರೆ. ಮನೆಯಲ್ಲಿ ನಿರೋಧ ತೆಗೆದರೆ ಹೆಂಡತಿಗೆ ಸಂಶಯ ಬರುತ್ತದಂತೆ. ಸಂಶಯ ಬರಬಾರದು, ರೋಗ ಬಂದರೆ ನಡೆಯುತ್ತದೆ! ಇಂಥ ಮಾತು ಕೇಳಿ ಕೇಳಿ ನನಗೆ ಸಾಕುಬೇಕಾಗಿದೆ.

ಶಂಭುಲಿಂಗ ಮಾತ್ರ ಹಾಗಲ್ಲ. ಹೆಸರು ಬದಲಿಸಿದ್ದೇನೆ, ಉಳಿದದ್ದು ಇದ್ದ ಹಾಗೇ ಇದೆ. ಆತ ನನ್ನ ಮುಖ ನೋಡಿಯೇ "ಅದೆಲ್ಲಾ ಬಿಟ್ಟೇನ್ರಿ ಅಕ್ಕಾರ" ಅನ್ನುತ್ತಿದ್ದ. ನಿರೋಧದ ಪೊಟ್ಟಣ ಕೊಟ್ಟರೆ ಮೇಜಿನ ಮೇಲೆ ವಾಪಸು ಇಟ್ಟು, ಕೈಮುಗಿದು ಎದ್ದುಹೋಗುತ್ತಿದ್ದ.

ಆತ ಅಮರಗೋಳದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ತೂಕ ಮಾಡುವವನು. ಅದಕ್ಕೂ ಮೊದಲು ಲಾರಿಯ ಜೊತೆ ಮಾಲು ತಗೊಂಡು ಪರವೂರುಗಳಿಗೆ ಹೋಗಿ, ವಾರಗಟ್ಟಲೆ ಲಾಡ್ಜಿನಲ್ಲಿ ಇರುತ್ತಿದ್ದ. ರೋಗ ಅಲ್ಲಿಂದ ಬಂತು ಎಂದು ಮೊದಲ ದಿನವೇ ಒಪ್ಪಿಕೊಂಡ. ರಕ್ತದಲ್ಲಿ ರೋಗ ಸಿಕ್ಕಾಗ ಹೆಂಡತಿ ಶಿವಬಸವ್ವ ತವರಿನಲ್ಲಿದ್ದಳು. ಗರ್ಭಚೀಲ ತೆಗೆಸಿಕೊಂಡು ಆರೈಕೆಗೆ ಹೋಗಿದ್ದಳು. ಆಪರೇಷನ್ನಿಗೆ ಮುಂಚೆ ಆಕೆಯ ರಕ್ತ ನೋಡಿದ್ದರು, ಏನೂ ಇರಲಿಲ್ಲ. ಶಂಭುಲಿಂಗನಿಗೆ ಅದೇ ದೊಡ್ಡ ಧೈರ್ಯ. ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು, ಕರಕೊಂಡು ಬನ್ನಿ ಎಂದು ಆತ ಬಂದಾಗಲೆಲ್ಲ ನಾನು ಹೇಳುತ್ತಿದ್ದೆ. "ಹೂನ್ರಿ" ಅನ್ನುತ್ತಿದ್ದ, ಕರೆತರುತ್ತಿರಲಿಲ್ಲ. ಆಕೆಗೆ ಹೇಳುವ ಹಕ್ಕು ಆತನದು, ಬಾಯಿ ಮುಚ್ಚಿಕೊಂಡಿರುವ ಕೆಲಸ ನನ್ನದು.

ಆಕೆ ತವರಿನಿಂದ ಬರುವುದರೊಳಗೆ ಆತ ಒಂದು ಉಪಾಯ ಹೂಡಿದ್ದ. ಓಣಿಯ ಅಯ್ಯನವರನ್ನು ಮನೆಗೆ ಕರೆಸಿ, ನಾಲ್ಕು ಜನರೆದುರು ಹರಕೆ ಹೊತ್ತ: ಮಗಳು ಭಾಗ್ಯಶ್ರೀಯ ಲಗ್ನವಾಗುವ ತನಕ ಬ್ರಹ್ಮಚರ್ಯ, ಪಡಸಾಲೆಯಲ್ಲಿ ಚಾಪೆಯ ಮೇಲೆ ನಿದ್ದೆ. ಮಗಳು ಆಗ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಅಯ್ಯನವರು ಮೆಚ್ಚಿ ವಿಭೂತಿ ಹಚ್ಚಿದರು. ಓಣಿಯವರು ಆತನನ್ನು ಶರಣರು ಎಂದು ಕರೆಯತೊಡಗಿದರು. ಸೋಮವಾರ ಹೆಣ್ಣುಮಕ್ಕಳು ಕೂಸುಗಳನ್ನು ತಂದು ಆತನ ಕೈಯಿಂದ ವಿಭೂತಿ ಹಚ್ಚಿಸಿಕೊಂಡು ಹೋಗುತ್ತಿದ್ದರು. ಶಿವಬಸವ್ವ ದಿನಾ ಸಂಜೆ ಆತನ ಕಾಲಿಗೆ ನೀರು ಹಾಕುತ್ತಿದ್ದಳು. ಗುಳಿಗೆಗಳು ಬಿಪಿಯವು ಎಂದು ನಂಬಿದ್ದಳು. ಇದನ್ನೆಲ್ಲ ಆತ ಹೇಳಿದಾಗ ನನಗೆ ನಗು ಬಂದಿತ್ತು. ಆಮೇಲೆ ನಗು ಬರಲಿಲ್ಲ.

ಈ ಬೇಸಿಗೆಯಲ್ಲಿ ಭಾಗ್ಯಶ್ರೀಯ ಲಗ್ನವಾಯಿತು. ಹರಕೆ ತೀರಿತೆಂದು ಅಯ್ಯನವರು ಗಂಡಹೆಂಡಿರನ್ನು ಒಂದೇ ಕಂಬಳಿಯ ಮೇಲೆ ಕೂಡಿಸಿ, ಒಬ್ಬರ ಕೈಯಿಂದ ಒಬ್ಬರಿಗೆ ಸಿಹಿ ತಿನ್ನಿಸಿದರು. ಹೆಂಗಸರು ಚೇಷ್ಟೆ ಮಾಡಿದರು. ಬೀಗರೆಲ್ಲ ಹೋದ ಮೇಲೆ ಶಿವಬಸವ್ವ ಪಡಸಾಲೆಯ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿ, ಒಳಗಿನ ಕೋಣೆಯಲ್ಲಿ ಹೊಸ ಗಾದಿ ಹಾಸಿದಳು. ಶಂಭುಲಿಂಗ ಬೆನ್ನುನೋವೆಂದು ಹೇಳಿ ಹೇಗೋ ಅವತ್ತು ಪಾರಾದ. ಮರುದಿನ ಕೆನ್ನೆಯ ಮೇಲಿನ ಅರಿಷಿಣವೂ ಹೋಗಿರಲಿಲ್ಲ, ಬಂದು ನನ್ನ ಮುಂದೆ ಕೂತ.

"ಇನ್ನೊಂದು ಹರಕಿ ಹೇಳ್ರಿ ಅಕ್ಕಾರ. ಮೊಮ್ಮಗ ಹುಟ್ಟೂತನಕಾ ಅಂದ್ರ ನಂಬತಾರೇನ್ರಿ?"

ನನ್ನ ಸಿಟ್ಟು ನೆತ್ತಿಗೇರಿತು. "ನಾನೇನು ಪೂಜಾರೇನ್ರಿ? ನೀವು ಗುಳಿಗಿ ಒಂದು ದಿನಾ ತಪ್ಪಿಸಿಲ್ಲ. ನಿಮ್ಮ ರಕ್ತದಾಗ ವೈರಸ್ ಪರೀಕ್ಷಾಕ್ಕೂ ಸಿಗದಷ್ಟು ಇಳದದ. ಹಿಂಗ ಇದ್ರ ಹಾಸಿಗಿಯಿಂದ ಆಕಿಗೆ ದಾಟೂದಿಲ್ಲ ಅಂತ ಎಷ್ಟು ಸಲ ಹೇಳೇನಿ? ಮ್ಯಾಲೆ ನಿರೋಧನೂ ಅದ. ಆದ್ರ ಆಕಿಗೆ ಹೇಳದನ ಬಾಜೂಕ ಹೋಗಬ್ಯಾಡ್ರಿ. ಮೊದಲ ಬಾಯಿ ಬಿಡ್ರಿ."

"ಹೇಳಿದ್ರ ಬಿಟ್ಟು ಹೋಗ್ತಾಳ್ರಿ."

"ಹೋದ್ರ ಹೋಗ್ಲಿ. ಆಕಿಗೆ ಆ ಹಕ್ಕರ ಇರ್ಲಿ."

ಆತ ಅಂಗೈಯಿಂದ ಮುಖ ಒರೆಸಿಕೊಂಡ. ಇಷ್ಟು ಕಟುವಾಗಿ ಅನ್ನಬಾರದಿತ್ತೇನೋ. ಆದರೆ ನಾನೂ ದಣಿದಿದ್ದೆ.

ಆ ವಾರವೇ ಆತ ಆಕೆಯನ್ನು ಕರೆತಂದ. ಶಿವಬಸವ್ವ ಇಳಕಲ್ಲಿನ ಸೀರೆಯ ಸೆರಗು ಹೊದ್ದು, ಬಿಪಿ ತೋರಿಸಲು ಬಂದಿದ್ದೇವೆ ಎಂಬ ನಂಬಿಕೆಯಲ್ಲಿ ಕೂತಿದ್ದಳು. ಶಂಭುಲಿಂಗ ಆವತ್ತು ಮೊದಲ ಸಲ ಫ್ಯಾನು ನೋಡಿದ. ಫ್ಯಾನು ನೋಡುತ್ತಲೇ ಎಲ್ಲ ಹೇಳಿದ: ಲಾಡ್ಜು, ರೋಗ, ಗುಳಿಗೆ, ಹರಕೆ.

ಆಕೆ ಅಳಲಿಲ್ಲ, ಬಯ್ಯಲಿಲ್ಲ. ಗಂಡನಿಗೆ ಕೇಳಿದಳು, "ಅಂದ್ರ, ನನ್ನ ಗರ್ಭಚೀಲ ತಗಸಿದ್ದಕ್ಕ ಅಲ್ಲ?"

ಆತನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ಚೀಲ ತಗಸಿ ಮನಿಗೆ ಬಂದೆ. ನೀವು ಹೊರಗ ಮಲಗಿದ್ರಿ. ಖಾಲಿ ಆದಾಕಿ ಬ್ಯಾಡಾಗೇನಿ, ಹೇಳಾಕ ನಾಚಿ ಹರಕಿ ಅಂದೀರಿ ಅಂದ್ಕೊಂಡೆ. ದಿನಾ ನಿಮ್ಮ ಕಾಲಿಗೆ ನೀರು ಹಾಕೂ ಮುಂದ ಅದನ್ನ ನೆನಸ್ತಿದ್ದೆ. ಲಗ್ನ ಆದಮ್ಯಾಲೂ ಬೆನ್ನುನೋವು ಅಂದ್ರೆಲ್ಲಾ, ಅವತ್ತ ಖರೇ ಆತು ಅಂದ್ಕೊಂಡೆ."

ಶಂಭುಲಿಂಗ ಅತ್ತ. ಆಕೆಯನ್ನು ಕಾಪಾಡಿದೆನೆಂದು ಇಷ್ಟು ವರ್ಷ ಹೆಮ್ಮೆಪಟ್ಟಿದ್ದವನು. ನಿಜ ಹೇಳಬೇಕೆಂದರೆ ಆ ಹೆಮ್ಮೆಯಲ್ಲಿ ನನ್ನ ಪಾಲೂ ಇತ್ತು. ಬಿಟ್ಟವನು ಅಂದರೆ ಒಳ್ಳೆಯವನು, ನನಗೊಂದು ತಲೆನೋವು ಕಡಿಮೆ ಎಂದುಕೊಂಡಿದ್ದೆ. ಒಳಗಿನ ಕೋಣೆಯಲ್ಲಿ ಒಬ್ಬಳೇ ಮಲಗುವವಳ ವಿಚಾರ ನನ್ನ ಪ್ರಶ್ನೆಯಲ್ಲಿ ಇರಲೇ ಇಲ್ಲ.

ಆಕೆಯ ರಕ್ತ ಪರೀಕ್ಷೆ ಮಾಡಿಸಿದೆವು. ಏನೂ ಇರಲಿಲ್ಲ. ಹೇಳಿದಾಗ ಆಕೆ ತಲೆಯಾಡಿಸಿದಳು ಅಷ್ಟೇ. ಮುಂದೆ ಇಬ್ಬರೂ ಹೇಗಿರಬಹುದು, ಹೆದರಬೇಕಾಗಿಲ್ಲ ಎಂದು ಬಿಡಿಸಿ ಹೇಳಿದೆ. ಎಲ್ಲ ಕೇಳಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದಳು, "ಚಾಪಿ ಅಟ್ಟದ ಮ್ಯಾಲಿಂದ ಇಳಿಸಿ ಕೊಡ್ತೇನಿ. ಹೊರಗ ಮಲಗ್ರಿ. ಈಗ ಹರಕಿ ನಂದು."

"ಎಲ್ಲೀತನಕಾ?" ಆತ ಕೇಳಿದ.

"ನನ್ನ ಸಿಟ್ಟು ಇಳಿಯೂತನಕಾ."

ಆಕೆ ತವರಿಗೆ ಹೋಗಲಿಲ್ಲ. ಕಾಲಿಗೆ ನೀರು ಹಾಕುವುದನ್ನು ಮಾತ್ರ ಬಿಟ್ಟಳಂತೆ. ಸೋಮವಾರ ಕೂಸು ತಂದವರನ್ನೂ ಹೊಸ್ತಿಲಿನಿಂದಲೇ ಸಾಗಹಾಕುತ್ತಾಳಂತೆ. ಮುಂದಿನ ಸಲ ಗುಳಿಗೆಗೆ ಬಂದ ಶಂಭುಲಿಂಗನಿಗೆ ನಾನು ಎಂದಿನ ಪ್ರಶ್ನೆಯನ್ನೇ ಕೇಳಿದೆ, ಹೆಂಡತಿಯ ಜೊತೆ ಹೇಗಿದ್ದೀರಿ?

"ಕಾಯಾಕತ್ತೇನ್ರಿ ಅಕ್ಕಾರ" ಅಂದ.

ನಿರೋಧದ ಪೊಟ್ಟಣ ಕೊಟ್ಟೆ. ಈ ಸಲ ಮೇಜಿನ ಮೇಲೆ ಇಡಲಿಲ್ಲ. ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡು ಹೋದ.