ಕುಲುಮೆ ಆರಿದ ಭಾನುವಾರ

ದೇವರ ಕಪಾಟನ್ನು ಒರೆಸುತ್ತಿದ್ದಾಗ ತೀರ್ಥದ ಗಿಂಡಿಯ ಹಿಂದಿನಿಂದ ಬೆರಳುದ್ದದ ಗಾಜಿನ ಕಡ್ಡಿಯೊಂದು ಉರುಳಿ ಬಂತು. ಹಿಡಿದ ಕೈಯ ರೇಖೆಗಳೂ ಕಾಣುವಷ್ಟು ತಿಳಿ. ನೆರೆಮನೆಯ ಭೌತಶಾಸ್ತ್ರದ ಮೇಷ್ಟ್ರು ಕಣ್ಣ ಮುಂದೆ ಬಂದು ನಿಂತರು...

ಮೊಗ್ರಾಲಿನ ಬ್ಯಾರಿ ಮನೆತನದವರು; ಕಾಸರಗೋಡಿನ ಕಾಲೇಜೊಂದರಲ್ಲಿ ಅಧ್ಯಾಪಕರು. ಡಾಕ್ಟರೇಟು ಅವರ ಅರ್ಧಾಯುಷ್ಯದ ಹಂಬಲ. ವಿಶ್ವವಿದ್ಯಾಲಯದ ಕೊನೆಯ ಗಡುವು ಆ ತಿಂಗಳಿಗೆ ತೀರುತ್ತಿತ್ತು. ಒಂದೇ ಪ್ರಯೋಗ ಉಳಿದಿತ್ತು. ಶುದ್ಧ ಸಿಲಿಕಾ ಗಾಜನ್ನು ವಿದ್ಯುತ್ ಕುಲುಮೆಯಲ್ಲಿ ಒಂದೇ ಶಾಖದಲ್ಲಿ ದಿನಗಟ್ಟಲೆ ಇರಿಸಿ, ತಟಕ್ಕನೆ ನೀರಿಗೆ ಅದ್ದಬೇಕು. ಆಗ ಆ ಶಾಖದ ಗುರುತು ಒಳಗೇ ಉಳಿದುಬಿಡುತ್ತದೆ. ಹೆಚ್ಚಿನ ಶಾಖದಿಂದ ಇಳಿದದ್ದು ಹೆಚ್ಚು ಸಾಂದ್ರ. ಬೇರೆ ಗಾಜುಗಳಲ್ಲಿ ಇದು ತಿರುಗುಮುರುಗು ಎನ್ನುತ್ತಿದ್ದರು. ಸಂಸ್ಕೃತ ಪಾಠ ಹೇಳಿ ಬದುಕಿದ ನನಗೆ ಪೂರ್ವಸಂಸ್ಕಾರವೆಂಬ ಮಾತು ಹೊಳೆಯುತ್ತಿತ್ತು.

ಗಾಜು ಕುಲುಮೆಯೊಳಗಿದ್ದ ಮಳೆಗಾಲದ ಆ ಭಾನುವಾರ ಜತೆಗಿರಲು ನನ್ನನ್ನೂ ಪ್ರಯೋಗಶಾಲೆಗೆ ಕರೆದೊಯ್ದರು. ಮಧ್ಯಾಹ್ನ ವಿದ್ಯುತ್ತು ಹೋಯಿತು. ಕಾಲೇಜಿನ ಜನರೇಟರು ಕುಲುಮೆಯ ಭಾರ ಹೊರುವಂಥದ್ದಲ್ಲ. ಮೇಷ್ಟ್ರು ಆಗತಾನೇ ಕೊಂಡ ಮೊಬೈಲಿನಲ್ಲಿ ಲೈನ್‌ಮನ್‌ನನ್ನು ಹಿಡಿದರು. ಅವನ ದನಿ ನನಗೂ ಕೇಳಿಸಿತು: "ತಂತಿ ಮೇಲೆ ತೆಂಗಿನಮರ ಬಿದ್ದುಂಟು ಮಾಷೆ. ಕರೆಂಟು ಎಂತ ನನ್ನ ಕಿಸೆಯಿಂದ ಕೊಡುದಾ?"

"ಈಗಲೇ ಗಾಜನ್ನು ತೆಗೆದರೆ?" ಎಂದೆ.

"ಪಾಕ ಬರ್ಲಿಲ್ಲ ಭಟ್ರೇ. ಈಗ ತೆಗೆದ್ರೆ ಅರೆಬೆಂದ ಗೆಣಸು. ನಿಮ್ಮ ನಂದಾದೀಪಕ್ಕಾದ್ರೆ ಒಂದು ಚಮಚ ಎಣ್ಣೆ ಸಾಕು. ಇದರ ಹೊಟ್ಟೆ ದೊಡ್ಡದು ಮಾರಾಯ್ರೆ."

ಶಾಖಮಾಪಕದ ಸೂಜಿ ಇಳಿಯತೊಡಗಿತು. ಅವರು ಮೂಲೆಯಲ್ಲಿ ನಮಾಜಿಗೆ ನಿಂತರು. ನಾನು ಜಪಕ್ಕೆ ಕುಳಿತೆ. ಕಣ್ತೆರೆದಾಗ ಸೂಜಿ ಇನ್ನೂ ಕೆಳಗಿತ್ತು... ಒಳಗೆಲ್ಲೋ ಟಪ್ಪೆಂದು ಸದ್ದಾಯಿತು. ಗಾಜನ್ನಿರಿಸಿದ್ದ ಕುಲುಮೆಯ ಹಳೆಯ ಪಿಂಗಾಣಿ ಕೊಳವೆ ತಣಿಯುತ್ತ ಉದ್ದಕ್ಕೂ ಬಿರಿದಿತ್ತು. ಹೊಸದು ಬರುವಷ್ಟರಲ್ಲಿ ಗಡುವು ಮೀರುತ್ತಿತ್ತು.

ಪೂರ್ತಿ ತಣಿದ ಮೇಲೆ ಹೊರತೆಗೆದರೆ, ಗಾಜಿನ ಕಡ್ಡಿಯ ಮೇಲೆ ಒಂದು ಗೀರೂ ಇಲ್ಲ.

"ಇವನಿಗೆ ಎಂತದೂ ಆಗ್ಲಿಲ್ಲ ನೋಡಿ," ಎಂದು ನಕ್ಕು ಮೇಷ್ಟ್ರು ಅದನ್ನು ನನ್ನ ಅಂಗೈಯಲ್ಲಿಟ್ಟರು. "ಯಾವ ಶಾಖದಿಂದ ಬಂದವ ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ನೀವೇ ಇಟ್ಕೊಳ್ಳಿ."

ಕಡ್ಡಿಯನ್ನು ಉತ್ತರೀಯದ ತುದಿಯಲ್ಲಿ ಗಂಟು ಹಾಕಿಕೊಂಡೆ...

ಪ್ರಬಂಧ ಹಾಗೆಯೇ ಉಳಿಯಿತು. ಆ ಭಾನುವಾರದ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನನಗೂ ಧೈರ್ಯ ಬರಲಿಲ್ಲ. ಅವರು ತೀರಿಕೊಂಡು ವರ್ಷಗಳೇ ಸಂದವು.

ಇಂದು ಕಡ್ಡಿಯನ್ನು ದೀಪಕ್ಕೆ ಹಿಡಿದು ನೋಡಿದೆ. ಜ್ವಾಲೆಯಲ್ಲದೆ ಏನೂ ಕಾಣಲಿಲ್ಲ. ಒರೆಸಿ, ಗಿಂಡಿಯ ಹಿಂದೆಯೇ ಇಟ್ಟೆ. ದೀಪ ಸಣ್ಣಗಾಗುತ್ತಿತ್ತು. ಒಂದು ಚಮಚ ಎಣ್ಣೆ ಹೊಯ್ದೆ. ಇದಕ್ಕೆ ಅಷ್ಟು ಸಾಕಾಯಿತು.