ಮಾವ್ಶಿ ತುಪ್ಪ ಕಾಯಿಸಿದ ಮಧ್ಯಾಹ್ನ

ಕಳೆದ ಭಾನುವಾರ ಮಗಳು ಬೆಣ್ಣೆಯ ಪಾತ್ರೆಯನ್ನು ಒಲೆಯ ಮೇಲಿಟ್ಟು ಫೋನು ಹಿಡಿದು ಕೂತುಬಿಟ್ಟಿದ್ದಳು. ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಗೆ ಮೊದಲು ಬಂದದ್ದು ಹದವಾದ ತುಪ್ಪದ ಘಮವೇ. ಸ್ವಲ್ಪ ಹೊತ್ತಿಗೆ ಅದು ಸೀದ ವಾಸನೆಯಾಯಿತು. ಓಡಿಹೋಗಿ ಒಲೆ ಆರಿಸಿದೆ. ತಳದ ಗಸಿ ಕಪ್ಪಾದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆದರೂ ನಾನು ಪಾತ್ರೆಯ ಮೇಲೆ ಮುಚ್ಚಳ ಒತ್ತಿ ಹಿಡಿದೇ ನಿಂತಿದ್ದೆ. "ಇಷ್ಟಕ್ಕೆಲ್ಲಾ ಯಾಕಮ್ಮಾ?" ಎಂದು ಮಗಳು ನಕ್ಕಳು. ಆ ದಿನ ಅವಳು ನನ್ನ ಹೊಟ್ಟೆಯಲ್ಲಿದ್ದಳು ಎಂದು ಅವಳಿಗೆ ನಾನು ಹೇಳಿಲ್ಲ…

ಆಗ ನಾವು ಕಾರವಾರದಲ್ಲಿದ್ದೆವು. ಬೈತಖೋಲ ಬಂದರಿನಲ್ಲಿ ಹಡಗಿಗೆ ಸರಕು ತುಂಬಿಸುವ ಗುತ್ತಿಗೆದಾರರೊಬ್ಬರ ಬಳಿ ನನ್ನ ಗಂಡ ಗುಮಾಸ್ತರಾಗಿದ್ದರು. ಬಂದರಿನಿಂದ ಮೇಲೆ ಹತ್ತುವ ರಸ್ತೆಯ ಬದಿಗೆ ಹಂಚಿನ ಸಾಲುಮನೆ, ಅದರಲ್ಲಿ ಎರಡು ಕೋಣೆ ನಮ್ಮದು. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದವರನ್ನು ಸಾಲಿನವರೆಲ್ಲ ಮಾವ್ಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಮನೆಮಾತು ಕೊಂಕಣಿ. ನನ್ನೊಡನೆ ಮಾತ್ರ, ನಾನು ಅಂಕೋಲೆಯವಳೆಂದು, ಕನ್ನಡ. ಬಹಳ ವರ್ಷ ಯಾವುದೋ ಹಾಸ್ಟೆಲ್ಲಿನಲ್ಲಿ ಅಡಿಗೆ ಮಾಡಿದ್ದವರು. ತಮ್ಮೊಬ್ಬರ ಸಾರಿಗೂ ದೊಡ್ಡ ಪಾತ್ರೆಯೇ ಇಡುತ್ತಿದ್ದರು.

ನನಗೆ ಬೆಂಕಿಯೆಂದರೆ ಜೀವ ಹೋಗುವಷ್ಟು ಹೆದರಿಕೆ. ಎಂಟು ವರ್ಷದವಳಿದ್ದಾಗ ಅಂಕೋಲೆಯ ಮನೆಯಲ್ಲಿ ಪಂಪ್ ಸ್ಟೋವ್ ಸಿಡಿದು ಚಿಕ್ಕಮ್ಮ ಸುಟ್ಟುಕೊಂಡಿದ್ದಳು. ನಾನು ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಚಿಕ್ಕಮ್ಮ ಉಳಿಯಲಿಲ್ಲ… ಮದುವೆಯಾದ ಮೇಲೂ ಗ್ಯಾಸು ಹೊತ್ತಿಸುವಾಗ ಮುಖ ಆಚೆ ತಿರುಗಿಸಿ, ಕೈ ಉದ್ದಕ್ಕೆ ಚಾಚಿ, ಕಡ್ಡಿ ಗೀರುತ್ತಿದ್ದೆ. ಗಂಡ ನಗುತ್ತಿದ್ದರು. ಮಾವ್ಶಿ ಒಮ್ಮೆ ಅದನ್ನು ನೋಡಿದರು, ನಗಲಿಲ್ಲ. ಕೇಳಿದರು. ಹೇಳಿದೆ.

"ಹೆದ್ರೂದು ತಪ್ಪಲ್ಲ ಮಗಾ," ಎಂದರು. "ಒಲೆ ಮುಂದೆ ಎಲ್ಲಿ ನಿಂತ್ಕಂಬೇಕು ಅಂತ ಗೊತ್ತಿರ್ಬೇಕು, ಅಷ್ಟೇಯಾ."

ಅಂದಿನಿಂದ ಅವರು ತುಪ್ಪ ಕಾಯಿಸುವಾಗೆಲ್ಲ ನನ್ನನ್ನು ಕರೆಯುತ್ತಿದ್ದರು. ಶನಿವಾರದ ಬಸ್ಸಿಗೆ ರಾಮನಗುಳಿ ಕಡೆಯಿಂದ ಒಬ್ಬ ಹೆಂಗಸು ಬೆಣ್ಣೆ ತರುತ್ತಿದ್ದಳು, ಸ್ಟೀಲಿನ ಡಬ್ಬಿಯಲ್ಲಿ, ನೀರಲ್ಲಿ ಮುಳುಗಿಸಿ, ಮೇಲೆ ಬಾಳೆಲೆ ಮುಚ್ಚಿ. ಮಾವ್ಶಿ ಆ ಬೆಣ್ಣೆಯನ್ನು ನೀರು ತಿಳಿಯಾಗುವವರೆಗೆ ತೊಳೆಯುತ್ತಿದ್ದರು. ಒಲೆ ಹೊತ್ತಿಸುವ ಮೊದಲು ಮುಚ್ಚಳ ಕೈಗೆ ಸಿಗುವಲ್ಲಿ ಇರಬೇಕು, ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು. ಬೆಣ್ಣೆ ಕರಗಿ ಬಿಳಿ ನೊರೆ ಏಳುವಾಗ ಚಟಚಟ ಸದ್ದು. ಆ ಸದ್ದಿಗೆ ನಾನು ಬಾಗಿಲಿಗೆ ಸರಿಯುತ್ತಿದ್ದೆ. ಸದ್ದು ತಗ್ಗಿದಾಗ ಒಂದು ವೀಳ್ಯದೆಲೆ ಹಾಕುತ್ತಿದ್ದರು. ಎಲೆ ಗರಿಗರಿಯಾದರೆ ಇಳಿಸುವುದು. ವಾರ ವಾರ ನಾನು ಒಂದೊಂದು ಹೆಜ್ಜೆ ಒಳಗೆ ಬಂದೆ.

ನನಗೆ ಏಳು ತಿಂಗಳು ತುಂಬಿತು. ಬಾಣಂತನಕ್ಕೆ ಅಂಕೋಲೆಗೆ ಹೋಗುವಾಗ ತುಪ್ಪ ಕೊಟ್ಟೇ ಕಳಿಸಬೇಕೆಂದು ಮಾವ್ಶಿಯ ಹಟ. "ಬಾಣಂತಿಗೆ ಅಂಗಡಿ ತುಪ್ಪ ಆಗೂದಿಲ್ಲ," ಎಂದು ಆ ಶನಿವಾರ ಎರಡು ಕಿಲೋ ಬೆಣ್ಣೆ ತೆಗೆದುಕೊಂಡರು.

ಅಂದು ಅವರಿಗೆ ಸಂಕಷ್ಟಿಯ ಉಪವಾಸ. ಸಕ್ಕರೆ ಕಾಯಿಲೆಯವರು ಉಪವಾಸ ಮಾಡಬಾರದೆಂದು ಡಾಕ್ಟರು ಹೇಳಿದ್ದನ್ನು ಅವರು ಯಾವತ್ತೂ ಕಿವಿಗೆ ಹಾಕಿಕೊಂಡವರಲ್ಲ. ಮಾರ್ಚ್ ತಿಂಗಳ ಮಧ್ಯಾಹ್ನ. ಸಾಲಿನ ಗಂಡಸರೆಲ್ಲ ಬಂದರಿನಲ್ಲಿ, ಹೆಂಗಸರು ಮೀನಿನ ಹರಾಜಿಗೆ ಹೋದವರು ಇನ್ನೂ ಬಂದಿರಲಿಲ್ಲ. ನಾನು ವೀಳ್ಯದೆಲೆ ತೊಳೆದು ಹಿಡಿದುಕೊಂಡು ನಿಂತಿದ್ದೆ. ನೊರೆ ಏರುತ್ತಿತ್ತು. ಮಾವ್ಶಿ ಸೌಟಿನಿಂದ ತಿರುವುತ್ತಾ, "ಎಂತದೋ ಕತ್ಲೆ ಬಂದ ಹಾಂಗೆ…" ಎಂದರು. ಎಂದವರೇ ಕುಸಿದರು.

ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ಸಿಕ್ಕಿ ಪಾತ್ರೆ ವಾಲಿತು. ಕುದಿಯುವ ತುಪ್ಪ ಅವರ ಮುಂಗೈ ಮೇಲೂ ಉರಿಯ ಮೇಲೂ ಚೆಲ್ಲಿತು. ಪಾತ್ರೆ ಉರುಳಲಿಲ್ಲ, ಆದರೆ ಬೆಂಕಿ ಅದರ ಹೊರಮೈ ಹತ್ತಿ ಒಳಗೆ ಇಳಿಯಿತು. ಭಗ್ಗೆಂದು ಎದ್ದ ಜ್ವಾಲೆ ಮೇಲಿನ ಹಲಗೆ ಮುಟ್ಟಿತು. ಮಾವ್ಶಿ ಒಲೆಕಟ್ಟೆಯ ಬುಡದಲ್ಲಿ ಬಿದ್ದಿದ್ದರು.

ನಾನು ಓಡಿದೆ.

ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಅಂಗಳ ದಾಟಿದೆ, ರಸ್ತೆಯನ್ನೂ ದಾಟಿದೆ. ಆಚೆಯ ಗಟಾರದ ಕಲ್ಲಿನ ಮೇಲೆ ನಿಂತಾಗಲೇ ಅಷ್ಟು ದೂರ ಓಡಿದ್ದೇನೆಂದು ತಿಳಿದದ್ದು. ಕೂಗಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಕೆಳಗೆ ಬಂದರಿನಲ್ಲಿ ಟ್ರಾಲರಿನ ಯಂತ್ರದ ಸದ್ದು ಕೇಳುತ್ತಿತ್ತು, ದಿನದಂತೆಯೇ. ತೆರೆದ ಬಾಗಿಲಿನೊಳಗೆ ಕೆಂಪಗೆ ಏನೋ ಅಲುಗುತ್ತಿತ್ತು. ಎಷ್ಟು ಹೊತ್ತು ನಿಂತೆನೋ… ಚಿಕ್ಕಮ್ಮನನ್ನು ನೋಡುತ್ತಾ ಬಾಗಿಲಲ್ಲಿ ನಿಂತ ಹುಡುಗಿಯೇ ಅಲ್ಲಿ ನಿಂತಿದ್ದಳು. ಮತ್ತೆ ಹೇಗೆ ಕಾಲು ಎತ್ತಿದೆನೆಂದು ಇವತ್ತಿಗೂ ಗೊತ್ತಿಲ್ಲ.

ಒಳಗೆ ಬಂದವಳೇ ಬಾಗಿಲ ಬದಿಯ ನೀರಿನ ಕೊಡ ಎತ್ತಿದೆ. ಆಗ ನೆಲದಿಂದ ಮಾವ್ಶಿಯ ದನಿ, ಹರಿದುಹೋದಂಥ ದನಿ:

"ಉದಕ ನಾಕಾ! ನೀರ್ ಹಾಕ್ಬೇಡಾ! ಮುಚ್ಳ… ಮುಚ್ಳ ಮುಚ್ಚು!"

ಕೊಡ ಕೈಯಿಂದ ಜಾರಿ ಬಾಗಿಲಲ್ಲೇ ಉರುಳಿತು. ಅವರನ್ನು ದಾಟಿಕೊಂಡು ಹೋಗಬೇಕಿತ್ತು. ದಾಟಿದೆ. ಶಾಖಕ್ಕೆ ಮುಖದ ಚರ್ಮ ಬಿಗಿಯಿತು, ಹಣೆಯ ಕೂದಲು ಸುಟ್ಟ ನಾತ ಬಂತು. ಮುಚ್ಚಳ ಹಾಕಿದರೆ ಅದು ಓರೆಯಾಗಿ ಕೂತು ಸಂದಿಯಿಂದ ಬೆಂಕಿ ನಾಲಗೆ ಚಾಚಿತು. ಸೌಟಿನ ಹಿಡಿಯಿಂದ ದೂಡಿದೆ. ಕೂತಿತು. ಗ್ಯಾಸು ತಿರುಗಿಸಿದೆ. ಒಲೆಯ ಸುತ್ತ ಉಳಿದಿದ್ದ ಉರಿ ತಾನೇ ಸಣ್ಣಗಾಗಿ ಆರಿತು. ಆ ಮೌನದಲ್ಲಿ ಹೊಟ್ಟೆಯೊಳಗಿನ ಮಗು ಜೋರಾಗಿ ಒದೆಯಿತು. ನಾನು ಮಾವ್ಶಿಯ ಪಕ್ಕ ನೆಲಕ್ಕೆ ಕೂತು ಅತ್ತೆ.

ಆಮೇಲೆ ಜನ ಬಂದರು, ರಿಕ್ಷಾ ಬಂತು. ಮಾವ್ಶಿಯ ಮುಂಗೈ ಮೊಣಕೈವರೆಗೆ ಬೆಂದಿತ್ತು. ಆಸ್ಪತ್ರೆಯಿಂದ ಮರಳಿದ ಮೇಲೆ ನೋಡಲು ಬಂದವರಿಗೆಲ್ಲ ಅವರದು ಒಂದೇ ಮಾತು: "ಈ ಹುಡ್ಗಿ ಇಲ್ದಿದ್ರೆ ನಾ ಬೂದಿಯಾತಿದ್ದೆ. ಬಸುರಿ ಹೆಂಗ್ಸು, ನನ್ನ ಬಿಟ್ಟು ಒಂದ್ ಹೆಜ್ಜೆ ಅಲ್ಲಾಡ್ಲಿಲ್ಲ."

ಸಾಲಿನವರೆಲ್ಲ ನನ್ನನ್ನು ನೋಡಿ ತಲೆದೂಗಿದರು. ಗಂಡ ಹೆಮ್ಮೆಯಿಂದ ಅದನ್ನೇ ಅಂಕೋಲೆಗೆ ಫೋನಿನಲ್ಲಿ ಹೇಳಿದರು. ನಾನು ತಿದ್ದಲಿಲ್ಲ. ನಾನು ಓಡುವಾಗ ಅವರ ಕಣ್ಣು ಮುಚ್ಚಿತ್ತು, ಎಚ್ಚರ ತಪ್ಪಿತ್ತು, ಅದಕ್ಕೇ ಹೀಗೆ ಹೇಳುತ್ತಾರೆ ಎಂದುಕೊಂಡೆ. ಬೆಂಕಿಯ ಹೆದರಿಕೆಯ ಮೇಲೆ ಇನ್ನೊಂದು ಹೆದರಿಕೆ ಕೂತಿತು. ಯಾರಾದರೂ ನೋಡಿದ್ದರೆ? ರಸ್ತೆಯಲ್ಲಿ ಆಗ ಯಾರಾದರೂ ಹೋಗುತ್ತಿದ್ದರೆ? ಸಾಲುಮನೆಯಲ್ಲಿ ಯಾರೇ ನನ್ನ ಹೆಸರು ಹಿಡಿದು ಕರೆದರೂ ಕೇಳದವಳಂತೆ ಒಳಗೆ ಹೋಗುತ್ತಿದ್ದೆ.

ಮೂರು ವಾರದ ಮೇಲೆ ಮಾವ್ಶಿ, ಒಂದು ಕೈಗೆ ಬಟ್ಟೆ ಸುತ್ತಿಕೊಂಡೇ, ಮತ್ತೆ ಬೆಣ್ಣೆ ಕಾಯಿಸಿದರು. ನನ್ನನ್ನು ಕರೆದರು. ನಾನು ಅಂಗಳದಲ್ಲೇ ನಿಂತೆ, ಒಳಗೆ ಹೋಗಲಿಲ್ಲ. ಅವರು ಒತ್ತಾಯಿಸಲಿಲ್ಲ. ಅಂಕೋಲೆಗೆ ಹೊರಟ ದಿನ ತುಪ್ಪದ ಭರಣಿಯನ್ನು ತಾವೇ ತಂದು ನನ್ನ ಚೀಲದಲ್ಲಿಟ್ಟರು. ಬಾಣಂತನದ ಅನ್ನಕ್ಕೆ ಅಮ್ಮ ಅದನ್ನು ಬಡಿಸುವಾಗೆಲ್ಲ, ಕಾರವಾರಕ್ಕೆ ಹೋದ ಕೂಡಲೇ ನಿಜ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ.

ಹೇಳಲಿಲ್ಲ. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಗಂಡನಿಗೆ ಹುಬ್ಬಳ್ಳಿಯಲ್ಲಿ ಕೆಲಸವಾಯಿತು. ಸಾಮಾನು ಏರಿಸುವಾಗ ಮಾವ್ಶಿ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಮುಂಗೈಯ ಕಲೆಯನ್ನು ಮಗು ಬೆರಳಿನಿಂದ ಕೆರೆಯುತ್ತಿತ್ತು.

ಮಗಳಿಗೆ ನಾಲ್ಕು ತುಂಬಿದ ಮೇಲೆ ಒಂದು ಸಲ, ಅಂಕೋಲೆಗೆ ಬಂದವಳು ಗಟ್ಟಿ ಮನಸ್ಸು ಮಾಡಿ ಅವಳನ್ನೂ ಕರೆದುಕೊಂಡು ಕಾರವಾರಕ್ಕೆ ಹೋದೆ. ಮಾವ್ಶಿಯ ಮನೆಗೆ ಬೀಗ. ಮಾವ್ಶಿ ಕಿನ್ನರ ಎಂಬ ಹಳ್ಳಿಯಲ್ಲಿ ಅಣ್ಣನ ಮಗನ ಮನೆಯಲ್ಲಿದ್ದಾರೆಂದು ನೆರೆಗೆ ಹೊಸದಾಗಿ ಬಂದವರು ಹೇಳಿದರು. ಬಸ್ಸಿನುದ್ದಕ್ಕೂ ಹೇಳಬೇಕಾದ ಮಾತನ್ನೇ ಜೋಡಿಸುತ್ತಿದ್ದೆ.

ಆ ಮನೆಯ ಸೊಸೆ ಬಾಗಿಲು ತೆರೆದಳು. ಮಾವ್ಶಿ ತೀರಿಕೊಂಡು ಎರಡು ತಿಂಗಳಾಗಿತ್ತು.

ನಾನು ಯಾರೆಂದು ಹೇಳಿದ ಕೂಡಲೇ ಅವಳು ಕೈ ಹಿಡಿದು ಒಳಗೆ ಕರೆದಳು. "ನೀವೇಯಾ ಅವ್ರು? ನಿಮ್ಮ ವಿಷ್ಯ ಹೇಳದೆ ಇದ್ದ ದಿನ ಇಲ್ಲ," ಎಂದಳು. "ಬೆಂಕಿಗೆ ಹೆದ್ರಿ ರಸ್ತೆ ಆಚೆ ತನಕ ಓಡಿದ್ರಂತೆ ನೀವು. ಬಿದ್ದಲ್ಲಿಂದ ಕಾಣ್ತಿತ್ತಂತೆ ಅವ್ರಿಗೆ. ಹೋಗ್ಲಿ, ಬಸುರಿ ಹುಡ್ಗಿ ಉಳ್ಕಳ್ಲಿ ಅಂತ ದೇವ್ರ ಹತ್ರ ಕೇಳ್ತಾ ಇದ್ರಂತೆ. ಅಷ್ಟ್ರಲ್ಲಿ ನೀವು ತಿರ್ಗಿ ಬರೂದು ಕಂಡ್ತಂತೆ… ಹೌದಾ, ಅಷ್ಟು ದೂರ ಓಡಿದ್ರಾ?"

"ಹೌದು," ಎಂದೆ. "ರಸ್ತೆ ದಾಟಿದ್ದೆ."

ಯಾರ ಮುಂದಾದರೂ ಆ ಮಾತು ಆಡಿದ್ದು ಅದೇ ಮೊದಲು. ಅವಳು ನನ್ನ ಮಗಳಿಗೆ ಅನ್ನ ಕಲಸತೊಡಗಿದಳು. ನಾನು ಗೋಡೆಗೆ ಒರಗಿ ಕೂತೆ. ಆ ಮನೆಯಿಂದ ಏಳಲು ನನಗೆ ಸಂಜೆಯಾಯಿತು.

ಅದಾಗಿ ಹದಿನೈದು ವರ್ಷವಾಯಿತು. ತುಪ್ಪ ನಾನೇ ಕಾಯಿಸುತ್ತೇನೆ, ಹೆದರಿಕೊಂಡೇ ಕಾಯಿಸುತ್ತೇನೆ. ನೊರೆ ಏಳುವಾಗ ಒಳಗೊಳಗೇ ಹೇಳುತ್ತಿರುತ್ತೇನೆ: ಮಾವ್ಶೀ, ನಾ ಓಡಿದ್ದೆ… ಅವರಿಗೆ ಅದು ಗೊತ್ತಿತ್ತು ಎಂದು ನನಗೀಗ ಗೊತ್ತು. ಆದರೂ ಎದುರಿಗೆ ನಿಂತು ನನ್ನ ಬಾಯಿಂದಲೇ ಹೇಳಬೇಕಿತ್ತು. ಕಿನ್ನರಕ್ಕೆ ಎರಡು ತಿಂಗಳ ಮೊದಲಾದರೂ ಹೋಗಬೇಕಿತ್ತು.