ಏಳನೆಯ ಹೆಸರಿನ ಗೆರೆ

ಶಹಾಪುರದ ಆ ಖಾಸಗಿ ನರ್ಸಿಂಗ್ ಶಾಲೆಯಲ್ಲಿ ಗುಮಾಸ್ತೆ ಸಾವಿತ್ರಿಬಾಯಿಯ ಅಕ್ಷರಕ್ಕೆ ಭಾರಿ ಬೆಲೆಯಿತ್ತು. ಬಾಯಾರು ಬರೆದ ಸರ್ಟಿಫಿಕೇಟನ್ನು ಕನ್ನಡಕ ಇಲ್ಲದೆಯೂ ಓದಬಹುದು ಎಂದು ಪಾಲಕರೇ ಹೇಳುತ್ತಿದ್ದರು. ಸುರಪುರದ ರಂಗಂಪೇಟೆಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬಂದು, ಸಂಜೆ ಐದೂಹತ್ತರ ಬಸ್ಸಿಗೆ ಹೋಗುತ್ತಿದ್ದಳು. ಹೀಗೆ ಇಪ್ಪತ್ತೆರಡು ವರ್ಷ. ಅವಳ ಅಪ್ಪ ರಸ್ತೆ ಕೆಲಸದ ಗ್ಯಾಂಗಿನಲ್ಲಿ ಜಲ್ಲಿ ಕಡಿ ಹೊತ್ತವನು. ಆ ಮನೆತನದಲ್ಲಿ ಮೇಜಿನ ಹಿಂದೆ ಕುರ್ಚಿ ಹಾಕಿಕೊಂಡು ಕೂತವಳು ಇವಳೇ ಮೊದಲು. ಅಂಥ ಕುರ್ಚಿಯಲ್ಲಿ ಕೂತವರು ತಪ್ಪು ಮಾಡಬಾರದು ಎಂಬ ಹಟ ಅವಳಿಗೆ ಹುಟ್ಟಿನಿಂದಲೇ ಇದ್ದಂತಿತ್ತು.

ಆ ಶಾಲೆಯ ದಾಖಲೆ ಪುಸ್ತಕಗಳಿಗೆ ಒಂದು ಶಿಸ್ತಿತ್ತು. ಹೆಸರನ್ನು ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ಸೀಟು ಬಿಟ್ಟು ಹೋದವರ ಹೆಸರಿನ ಮೇಲೆ ಅಳತೆಪಟ್ಟಿ ಇಟ್ಟು ಒಂದೇ ಕೆಂಪು ಗೆರೆ ಎಳೆಯಬೇಕು. ಕೆಳಗಿನ ಹೆಸರು ಓದಲು ಬರುವಂತಿರಬೇಕು. ಆಯ್ಕೆಯ ಪಟ್ಟಿಯನ್ನು ಗೋಡೆಗೆ ಅಂಟಿಸುವಾಗಲೂ ಹೀಗೇ. ನಾಲ್ಕು ವರ್ಷದ ಹಿಂದೆ ಪಟ್ಟಿ ಗೋಡೆಯಿಂದ ಇಳಿದು ವೆಬ್‌ಸೈಟಿಗೆ ಹೋಯಿತು. ಅದನ್ನು ಮಾಡಿಕೊಟ್ಟವನು ಯಾದಗಿರಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಸುನೀಲಕುಮಾರ. ಬಂದವನು ಒಂದು ತಾಸು ಕೂತು, ಯಾವ ಪುಟ ತೆರೆಯಬೇಕು, ಎಲ್ಲಿ ಹೆಸರು ಟೈಪು ಮಾಡಬೇಕು, ಎಲ್ಲಿ ಒತ್ತಿದರೆ ಉಳಿಯುತ್ತದೆ ಎಂದು ತೋರಿಸಿದ. ಅಕ್ಷರಗಳ ನಡುವೆ ಅಲ್ಲಲ್ಲಿ ಕೊಕ್ಕೆಯಂಥ ಗುರುತುಗಳಿದ್ದವು.

“ಇವೇನ್ರಿ ತಮ್ಮಾ?” ಎಂದು ಸಾವಿತ್ರಿಬಾಯಿ ಕೇಳಿದ್ದಳು.

“ಎಚ್‌ಟಿಎಂಎಲ್ ಅಂತಾರ್ರಿ. ಯಾವುದು ದಪ್ಪ ಕಾಣಬೇಕು, ಯಾವುದು ಸಾಲಿನ್ಯಾಗ ಬರಬೇಕು, ಅದನ್ನೆಲ್ಲ ಈ ಗುರುತ ಹೇಳ್ತಾವ. ಅರ್ಧ ದಿನ ಕುಂತರ ನಿಮಗ ಬೇಕಾದಷ್ಟು ಕಲಿಸಿಬಿಡ್ತೀನಿ, ಬಾಯಾರ.”

ಅವಳಿಗೆ ಮನಸ್ಸಿತ್ತು. ಆದರೆ ಪ್ರಾಚಾರ್ಯ ಸಂಗಮನಾಥರು ಬಾಗಿಲಲ್ಲೇ ನಿಂತು ನಕ್ಕುಬಿಟ್ಟರು. “ಅದೆಲ್ಲ ನಮಗ್ಯಾಕ್ರಿ? ಬಾಯಾರನ್ನ ಈಗ ಇಂಜಿನಿಯರ್ ಮಾಡಬೇಕೇನು? ಅದನ್ನ ಮಾಡವ್ರು ಬ್ಯಾರೆ ಅದಾರ. ಪಟ್ಟಿ ಹಾಕೂದು ಕಲಿಸ್ರಿ, ಸಾಕು.”

ಪೆನ್ನು ಹಿಡಿದು ಗೆರೆ ಎಳೆಯುವ ಕೆಲಸವನ್ನು ಅವಳ ಕೈಯಲ್ಲೇ ಇಟ್ಟು, ಗೆರೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಾತ್ರ ಬೇರೆಯವರು ತಿಳಿದಿರಲಿ ಎಂದ ಹಾಗಾಯಿತು. ದೊಡ್ಡವರ ಬುದ್ಧಿಗೆ ಏನೆನ್ನುವುದು! ಸಾವಿತ್ರಿಬಾಯಿ ತನ್ನ ನೋಟುಬುಕ್ಕಿನಲ್ಲಿ ‘ಕೊಕ್ಕೆಗಳನ್ನು ಮುಟ್ಟಬಾರದು’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡಳು. ನಾಲ್ಕು ವರ್ಷ ಮುಟ್ಟಲೂ ಇಲ್ಲ.

ಈ ವರ್ಷ ಟ್ರಸ್ಟಿನ ಉಚಿತ ಸೀಟುಗಳಿಗೆ ಹನ್ನೆರಡು ಹುಡುಗಿಯರು ಆಯ್ಕೆಯಾದರು. ಊಟ, ವಸತಿ, ಕಲಿಕೆ ಎಲ್ಲ ಅದರಲ್ಲೇ. ಪಟ್ಟಿ ವೆಬ್‌ಸೈಟಿನಲ್ಲಿ ಬಂದಿತ್ತು. ಸೋಮವಾರ ಸಂಜೆ ಐದರೊಳಗೆ ಹುಡುಗಿಯೇ ಮೂಲ ದಾಖಲೆ ತಂದು ಸಹಿ ಹಾಕಬೇಕು ಎಂದೂ ಅದರಲ್ಲಿತ್ತು. ಶುಕ್ರವಾರ ಸಂಜೆ ಏಳನೆಯ ಹುಡುಗಿ ಫೋನ್ ಮಾಡಿ, ತನಗೆ ರಾಯಚೂರಿನಲ್ಲಿ ಸೀಟು ಸಿಕ್ಕಿದೆ, ಬರುವುದಿಲ್ಲ ಎಂದಳು. “ಗೆರಿ ಹಾಕಿಬಿಡ್ರಿ” ಎಂದು ಸಂಗಮನಾಥರು ಹೇಳಿ ಹೋದರು.

ಹೇಗೆ ಹಾಕುವುದು? ಹೋದ ವರ್ಷ ಸುನೀಲಕುಮಾರನೇ ಒಂದು ಹೆಸರಿಗೆ ಗೆರೆ ಹಾಕಿಕೊಟ್ಟಿದ್ದ. ಅವಳು ಆ ಹಳೆಯ ಪಟ್ಟಿ ತೆರೆದು ನೋಡಿದಳು. ಆ ಹೆಸರಿನ ಮುಂದೆ ಎರಡು ಕೊಕ್ಕೆ, ನಡುವೆ ಎಸ್ ಎಂಬ ಇಂಗ್ಲಿಷ್ ಅಕ್ಷರ. ಅದನ್ನೇ ಹಾಗೆಯೇ ತಂದು ಏಳನೆಯ ಹೆಸರಿನ ಮುಂದಿಟ್ಟಳು. ಹಳೆಯ ಹೆಸರು ಉದ್ದವಾಗಿತ್ತು, ಅದರ ಬಾಲ ಕೆಳಗಿನ ಸಾಲಿಗೆ ಇಳಿದಿತ್ತು; ಬಾಲದಲ್ಲೂ ಇನ್ನೊಂದು ಗುರುತಿದೆ ಎಂದು ಅವಳ ಕಣ್ಣಿಗೆ ಬೀಳಲಿಲ್ಲ. ಉಳಿಸುವ ಗುಂಡಿ ಒತ್ತಿದಳು. ಪುಟ ಹೇಗೆ ಕಾಣುತ್ತದೆ ಎಂದು ನೋಡಬೇಕೆನ್ನುವಷ್ಟರಲ್ಲಿ ಕರೆಂಟು ಹೋಯಿತು. ಗಡಿಯಾರ ಐದು ದಾಟಿತ್ತು. ಬೀಗ ಹಾಕಿ ಬಸ್ ಸ್ಟ್ಯಾಂಡಿಗೆ ನಡೆದಳು. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ.

ಸೋಮವಾರ ಅವಳು ಬರುವಷ್ಟರಲ್ಲಿ ಆಫೀಸಿನ ಮೆಟ್ಟಿಲ ಮೇಲೆ ಜಗಳವೇ ಕಾದಿತ್ತು. ನಾಲ್ಕು ಹುಡುಗಿಯರು, ಅವರ ಜೊತೆ ಅಪ್ಪಂದಿರು, ಮಾವಂದಿರು, ಒಬ್ಬ ವಾರ್ಡಿನ ಮುಖಂಡ.

“ನಮ್ಮ ಹುಡುಗಿ ಏನ್ ಕಳವು ಮಾಡ್ಯಾಳ್ರಿ? ಹೆಸರಿಗೆ ಕಾಟು ಯಾಕ ಹಾಕೀರಿ? ಎರಡು ದಿನ ಫೋನ್ ಮಾಡಿ ಸಾಕಾತು, ಒಬ್ಬರಾದರೂ ಎತ್ತಬಾರದಾ?”

ಒಬ್ಬಳು ಮೊಬೈಲನ್ನು ಸಾವಿತ್ರಿಬಾಯಿಯ ಮೂಗಿನ ಹತ್ತಿರಕ್ಕೇ ಹಿಡಿದಳು. ಏಳನೆಯ ಹೆಸರಿನ ಮೇಲೆ ಗೆರೆ. ಎಂಟರ ಮೇಲೂ ಗೆರೆ. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು, ಎಲ್ಲದರ ಮೇಲೂ ಒಂದೇ ಸಮನೆ ಎಳೆದ ಗೆರೆ.

ಬೀಗ ತೆಗೆದು ಒಳಗೆ ಹೋದವಳೇ ಸುನೀಲಕುಮಾರನಿಗೆ ಫೋನ್ ಹಚ್ಚಿದಳು. ಅವನು ಎರಡೇ ಮಾತು ಕೇಳಿ ಹೇಳಿದ: “ಗೆರಿ ಚಾಲೂ ಮಾಡೀರಿ, ನಿಲ್ಲಿಸಿಲ್ರಿ ಬಾಯಾರ. ಹೆಸರ ಮುಗದ ಮ್ಯಾಲ ಅದೇ ಗುರುತು ಇನ್ನೊಮ್ಮೆ ಹಾಕ್ರಿ, ಎಸ್ ಮುಂದ ಒಂದ ಓರೆ ಗೆರಿ ಕೊಡ್ರಿ. ಅಷ್ಟ.”

ಹಾಕಿದಳು. ಐದು ಹೆಸರುಗಳ ಮೇಲಿನ ಗೆರೆ ಮಾಯವಾಯಿತು. ಹತ್ತು ಸೆಕೆಂಡಿನ ಕೆಲಸ. ನಾಲ್ವರು ಹುಡುಗಿಯರು ಬೈದುಕೊಳ್ಳುತ್ತಲೇ ಒಳಗೆ ಬಂದು ಸಹಿ ಹಾಕಿದರು. ಹನ್ನೆರಡನೆಯವಳು ಬಂದಿರಲಿಲ್ಲ. ನಂದಿನಿ, ಯಾದಗಿರಿಯ ಆಚೆ ಬಳಿಚಕ್ರದವಳು, ಕುರಿ ಕಾಯುವ ಹಣಮಂತ್ರಾಯನ ಮಗಳು. ಅರ್ಜಿಯಲ್ಲಿದ್ದ ನಂಬರು ಸ್ವಿಚ್ ಆಫ್ ಆಗಿತ್ತು.

ಬಂದೇ ಬರುತ್ತಾಳೆ ಎಂದು ಹನ್ನೆರಡರ ತನಕ ಕಾದಳು. ಈ ಕಾದದ್ದನ್ನು ಅವಳು ಇಂದಿಗೂ ತನಗೆ ತಾನೇ ಕ್ಷಮಿಸಿಲ್ಲ. ಗೇಟಿನ ಸದ್ದಾದಾಗಲೆಲ್ಲ ಎದ್ದು ಹೋಗಿ ನೋಡಿದಳು. ಕೊನೆಗೆ ಸಂಗಮನಾಥರ ಮುಂದೆ ನಿಂತು, “ನಾನ ಹೋಗಿ ಕರಕೊಂಡ ಬರ್ತೀನ್ರಿ ಸರ್” ಎಂದಳು.

“ಐದಕ್ಕ ನರ್ಸಿಂಗ್ ಬೋರ್ಡಿನವರ ಪೋರ್ಟಲ್ ಮುಚ್ಚತದ, ಬಾಯಾರ. ಅಷ್ಟರಾಗ ಹೆಸರು ಏರಿಸಲಿಲ್ಲಂದ್ರ ಸೀಟು ಯಾರಿಗೂ ಇಲ್ಲ. ಏಳನೇ ಸೀಟು ಕಾಯೂ ಪಟ್ಟಿಯ ಮೊದಲನೇಕಿಗಿ ಹೋತು. ಎರಡನೇಕಿ, ಗುರುಮಠಕಲ್ ಹುಡುಗಿ, ಮುಂಜಾನಿಂದ ತಾಯಿ ಜೋಡಿ ಹೊರಗ ಕುಂತಾಳ. ನೀವ ನೋಡೀರಿ.”

ಸಾವಿತ್ರಿಬಾಯಿ ಓಡಿದಳು. ಯಾದಗಿರಿಯ ಬಸ್ಸು ಭೀಮಾ ಸೇತುವೆಯ ಮೇಲೆ ಟ್ರಾಕ್ಟರಿನ ಹಿಂದೆ ಸಿಕ್ಕಿಕೊಂಡು ತೆವಳಿತು. ಸ್ಟ್ಯಾಂಡಿನಲ್ಲಿ ಬಳಿಚಕ್ರದ ಬಸ್ಸು ಆಗಷ್ಟೇ ಹೋಗಿತ್ತು. ಮುಂದಿನದು ಸಿಗುವ ತನಕ ಬೆಂಚಿನ ಮೇಲೆ ಕೂರಲಾಗದೆ ಅಡ್ಡಾಡಿದಳು. ನಂದಿನಿಯ ಅರ್ಜಿ ತುಂಬಿಸಿಕೊಂಡವಳು ಅವಳೇ. ಹುಡುಗಿ ಫೋಟೋ ಅಂಟಿಸುವಾಗ, “ಬಾಯಾರ, ಅಂಟು ಹೆಚ್ಚಾತೇನ್ರಿ? ಇದಕ್ಕ ಕಾಟು ಹೊಡೆಯೂದಿಲ್ಲಲ್ರಿ?” ಎಂದು ಕೇಳಿದ್ದಳು. “ಇದಕ್ಯಾರು ಕಾಟು ಹೊಡಿತಾರ, ಹುಚ್ಚಿ” ಎಂದು ಇವಳು ನಕ್ಕಿದ್ದಳು.

ಬಳಿಚಕ್ರ ಮುಟ್ಟಿದಾಗ ಮೂರೂವರೆ. ಮನೆಗೆ ಬೀಗ. ಪಕ್ಕದ ಕಟ್ಟೆಯ ಮೇಲೆ ಹೆಸರುಕಾಳು ಹಸನು ಮಾಡುತ್ತಿದ್ದ ಮೌಲಾಬಿ ಎಂಬ ಮುದುಕಿ ತಲೆಯೆತ್ತಿದಳು.

“ಕುರಿ ಹಟ್ಟಿಗಿ ಹೋಗ್ಯಾರವ್ವ, ಆ ಗುಡ್ಡದ ಆಚೆ. ನೀ ಸಾಲಿಯಾಕೇನು? ಹುಡುಗಿ ಶನಿವಾರದಿಂದ ಸರೀ ರೊಟ್ಟಿ ತಿಂದಿಲ್ಲ ನೋಡು.”

ಹತ್ತಿಯ ಹೊಲಗಳ ನಡುವೆ ಅವಳು ನಡೆದಳು. ಎರೆ ಮಣ್ಣು ಚಪ್ಪಲಿಗೆ ಮೆತ್ತಿ ಮೆತ್ತಿ ಕಾಲು ಎತ್ತಲಾಗದಾದಾಗ ಚಪ್ಪಲಿ ಕೈಯಲ್ಲಿ ಹಿಡಿದಳು. ಗುಡ್ಡ ದಾಟಿ ಹಟ್ಟಿ ಕಂಡಾಗ ಮೊಬೈಲು ನಾಲ್ಕೂ ಇಪ್ಪತ್ತೈದು ತೋರಿಸುತ್ತಿತ್ತು. ನಂದಿನಿ ಮರಿಗಳನ್ನು ಬಲೆ ಕಟ್ಟಿದ ಜಾಲಿಯೊಳಕ್ಕೆ ಬಿಡುತ್ತಿದ್ದಳು. ಅವಳ ತಾಯಿ ಭೀಮಮ್ಮ ಒಲೆಗೆ ಕಲ್ಲು ಹೂಡುತ್ತಿದ್ದಳು. ಬಾಯಾರನ್ನು ನೋಡಿದ ಹುಡುಗಿ ನಿಂತಲ್ಲೇ ನಿಂತಳು.

“ನಿನ್ನ ಹೆಸರಿಗಿ ಕಾಟು ಇಲ್ಲವ್ವ. ನನ್ನ ತಪ್ಪು. ನಿನಗ ಸೀಟು ಅದ” ಎಂದು ಏದುಸಿರಿನಲ್ಲೇ ಹೇಳಿ, ಸಾವಿತ್ರಿಬಾಯಿ ಸಂಗಮನಾಥರಿಗೆ ಫೋನ್ ಹಚ್ಚಿದಳು. ಸಿಕ್ಕಾಳ್ರಿ, ಇಲ್ಲೇ ಅದಾಳ್ರಿ, ನಾಳೆ ಮುಂಜಾನೆ ಮೊದಲ ಬಸ್ಸಿಗೆ ಕರಕೊಂಡ ಬರ್ತೀನ್ರಿ, ಹೆಸರು ಏರಿಸಿಬಿಡ್ರಿ, ನಿಮ್ಮ ಕಾಲಿಗಿ ಬೀಳ್ತೀನ್ರಿ.

ಸಂಗಮನಾಥರೆಂದರು: “ಸಹಿ ಇಲ್ಲದ ಹ್ಯಾಂಗ ಏರಿಸಲ್ರಿ? ಮೂವತ್ತು ನಿಮಿಷ ಉಳಿದದ. ಅಕಿ ಬರೂದಾಗೂದಿಲ್ಲ. ಇಲ್ಲಿದ್ದಕಿನೂ ಬಡವರ ಮಗಳ ಅದಾಳ, ಬಾಯಾರ. ನಾ ಅಕಿ ಹೆಸರು ಏರಿಸ್ತೀನಿ.”

ಅವರ ಮಾತಿನಲ್ಲಿ ತಪ್ಪು ಹುಡುಕಲು ನೋಡಿದಳು, ಸಿಗಲಿಲ್ಲ. ಅದೇ ಹೆಚ್ಚು ಸಂಕಟ. ಕುರಿಗಳ ನಡುವೆ, ಹಸಿ ನೆಲದ ಮೇಲೆ ಕುಕ್ಕರಿಸಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಐವತ್ತರ ಹೆಂಗಸು, ಇಪ್ಪತ್ತೆರಡು ವರ್ಷ ಒಂದು ಹೆಸರನ್ನೂ ತಪ್ಪಿ ಬರೆಯದವಳು.

ನಂದಿನಿ ಚೊಂಬಿನಲ್ಲಿ ನೀರು ತಂದುಕೊಟ್ಟು ಎದುರು ಕೂತಳು.

“ಫೋನ್ ಮಾಡಿ ಜಗಳಾ ಆದರೂ ತಗೀಬಾರದಿತ್ತೇನವ್ವ? ಆ ನಾಕ ಮಂದಿ ಹ್ಯಾಂಗ ಬಂದು ಕುಂತಿದ್ದರು!” ಎಂದಳು ಸಾವಿತ್ರಿಬಾಯಿ.

“ಶನಿವಾರ ಒಂದ್ ಸಲ ಮಾಡಿದೆ, ಯಾರೂ ಎತ್ತಲಿಲ್ರಿ. ಕಾಟು ಹಾಕಿದವರನ್ನ ಏನಂತ ಕೇಳೂದು? ನನ್ನ ಕಾಗದದಾಗ ಏನರ ತಪ್ಪ ಸಿಕ್ಕಿರಬೇಕು ಅಂದ್ಕೊಂಡೆ. ಎಲ್ಲಾ ಮತ್ತೊಮ್ಮಿ ತಗದು ನೋಡಿದೆ. ನನಗ ತಪ್ಪೇ ಕಾಣಲಿಲ್ಲ. ನನಗ ಕಾಣಂಗಿಲ್ಲ, ಓದಿದವರಿಗಿ ಕಂಡಿರಬೇಕು ಅಂದ್ಕೊಂಡೆ.”

ಸಾವಿತ್ರಿಬಾಯಿ ಮೊಬೈಲು ತೆಗೆದು ಆ ಪುಟದ ಒಳಭಾಗ ತೋರಿಸಿದಳು. ಇಲ್ಲಿ ಗೆರೆ ಶುರು, ಇಲ್ಲಿ ನಿಲ್ಲಬೇಕಿತ್ತು, ನಿಲ್ಲಿಸುವ ಗುರುತು ಇಡಲಿಲ್ಲ. ನಂದಿನಿ ಬಗ್ಗಿ ನೋಡಿದಳು. ಕೊಕ್ಕೆ, ಎಸ್, ಕೊಕ್ಕೆ. ಮತ್ತೆ ಕೊಕ್ಕೆ, ಓರೆ ಗೆರೆ, ಎಸ್, ಕೊಕ್ಕೆ.

“ಇಷ್ಟ ಏನ್ರಿ?” ಎಂದಳು. ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ಅಚ್ಚರಿಯಿಂದ ಕೇಳಿದಳು. ಮರಿ ಕಟ್ಟುವಷ್ಟು ಹೊತ್ತಿನಲ್ಲಿ ಅವಳಿಗೆ ಅದು ಅರ್ಥವಾಗಿತ್ತು.

“ಮುಂದಿನ ವರ್ಷ ಅರ್ಜಿ ಹಾಕಿಸ್ತೀನಿ” ಎಂದಳು ಸಾವಿತ್ರಿಬಾಯಿ.

ಭೀಮಮ್ಮ ಒಲೆಯ ಕಡೆಯಿಂದಲೇ ಮಾತಾಡಿದಳು. “ಸೀಟು ಸಿಕ್ಕರ ಓದಲಿ, ಇಲ್ಲಾಂದ್ರ ತನ್ನ ಅಕ್ಕನ ಮಗಗ ಕೊಡ್ತೀನಿ ಅಂತ ಇವರಪ್ಪ ಮೊದಲ ಹೇಳಿದ್ನಿರಿ. ಹುಡುಗಿನೂ ಒಪ್ಪಿದ್ಲು. ನಿನ್ನಿ ಹೋಗಿ ಮಾತು ಕೊಟ್ಟು ಬಂದಾನ.” ಕೊನೆಯ ಬಸ್ಸಿಗೆ ನಂದಿನಿಯೇ ಹೊಲದ ಅಂಚಿನ ತನಕ ಕಳಿಸಿಕೊಟ್ಟಳು.

ಮಂಗಳವಾರ ಸಂಗಮನಾಥರು ಎಂದಿನಂತೆ ಹೇಳಿದರು: ಗುರುಮಠಕಲ್ ಹುಡುಗಿಯ ಹೆಸರು ಸೇರಿಸಬೇಕು, ನಂದಿನಿಯ ಹೆಸರಿಗೆ ಗೆರೆ ಹಾಕಬೇಕು. ಸಾವಿತ್ರಿಬಾಯಿ ಕೂತು ಮುಂದೊಂದು ಗುರುತು ಇಟ್ಟಳು, ಹಿಂದೊಂದು ಗುರುತು ಇಟ್ಟಳು. ಗೆರೆ ಹನ್ನೆರಡನೆಯ ಹೆಸರಿನ ಮೇಲೆ ಮಾತ್ರ ಬಿತ್ತು, ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ತಾನು ಕಲಿತ ವಿದ್ಯೆಯನ್ನು ತಪ್ಪಿಲ್ಲದೆ ಬಳಸಿದ ಮೊದಲ ಸಲ ಅದು. ಅವಳಿಗೆ ತನ್ನ ಕೈಯನ್ನೇ ನೋಡಲು ಮನಸ್ಸಾಗಲಿಲ್ಲ.

ಆಮೇಲೆ ಅದರ ಕೆಳಗೆ ಇನ್ನೊಂದು ಸಾಲು ಬರೆದಳು. ದಪ್ಪ ಕಾಣುವಂತೆ ಮಾಡುವ ಗುರುತನ್ನು ಬೆಳಿಗ್ಗೆ ಬಸ್ಸಿನಿಂದಲೇ ಸುನೀಲಕುಮಾರನಿಗೆ ಫೋನ್ ಹಚ್ಚಿ ಕೇಳಿ ತಿಳಿದುಕೊಂಡಿದ್ದಳು. ‘ನಂದಿನಿಯ ದಾಖಲೆಗಳಲ್ಲಿ ಯಾವ ತಪ್ಪೂ ಇರಲಿಲ್ಲ. ಅವಳ ಸೀಟು ಹೋದದ್ದು ಈ ಕಚೇರಿಯ ತಪ್ಪಿನಿಂದ. ಸಾವಿತ್ರಿಬಾಯಿ, ಗುಮಾಸ್ತೆ.’

ಸಂಗಮನಾಥರು ಮೊಬೈಲು ಹಿಡಿದುಕೊಂಡೇ ಧಾವಿಸಿ ಬಂದರು. “ಏನ್ರಿ ಇದು? ಶಾಲೆಯ ಮರ್ಯಾದಿ ಹರಾಜಿಗಿ ಇಟ್ಟೀರೇನು? ತಗೀರಿ ಅದನ್ನ!”

“ನಾ ತಗಿಯೂದಿಲ್ರಿ ಸರ್. ನಿಮಗ ಬರ್ತಿದ್ದರ ನೀವ ತಗೀರಿ.” ಎದ್ದು ಕುರ್ಚಿ ಬಿಟ್ಟುಕೊಟ್ಟಳು.

ಅವರು ಕೂತರು. ಪರದೆಯ ತುಂಬ ಕೊಕ್ಕೆಗಳು. ಬೆರಳು ಗುಂಡಿಯ ತನಕ ಹೋಯಿತು, ವಾಪಸು ಬಂತು. ಒಂದು ತೆಗೆಯಲು ಹೋಗಿ ಇನ್ನೇನು ಹೋಗುತ್ತದೋ ಎಂದು ಹೆದರಿದವರಂತೆ ಎದ್ದು ತಮ್ಮ ಕೋಣೆಗೆ ನಡೆದರು.

ಮಧ್ಯಾಹ್ನ ಫೋನ್ ಬಂತು, ಬಳಿಚಕ್ರದಿಂದ.

“ಬಾಯಾರ, ನಂದಿನಿ ಮಾತಾಡಾಕತ್ತೇನ್ರಿ. ನೀವು ಬರದದ್ದು ನೋಡಿದೆ. ನಮ್ಮಪ್ಪಗೂ ಓದಿ ಹೇಳಿದೆ. ನನ್ನ ಕಾಗದ ಸರಿ ಇದ್ದವು ಅಂತ ಊರಾಗ ಎಲ್ಲರಿಗಿ ಗೊತ್ತಾತ್ರಿ.” ಮತ್ತೆ ಹೇಳಿದಳು: “ಬರೂ ಸೋಮವಾರ ಗಂಡಿನವರು ನಿಶ್ಚಯದ ಸೀರಿ ಉಡಸಾಕ ಬರ್ತಾರಂತ್ರಿ. ನೀವೂ ಬರ್ರಿ.”

ಸಾವಿತ್ರಿಬಾಯಿ ಹೂಂ ಎಂದಳೋ ಇಲ್ಲವೋ ಅವಳಿಗೇ ನೆನಪಿಲ್ಲ.